ಸ್ಪೋರ್ಟ್ಸ್ ಕಾರ್ ಕಟ್ಟಲು ಹೊರಟವರು ಮಾರುತಿ 800 ತೂಗಿದ ಕಥೆ

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಏನು ಮಾಡ್ತೀರಿ ಅಂತ ಗೈಡ್ ಸರ್ ಕೇಳಿದಾಗ ನಾವು ನಾಲ್ವರೂ ಒಟ್ಟಿಗೇ ‘ಸ್ಪೋರ್ಟ್ಸ್ ಕಾರ್ ಸರ್’ ಅಂದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

‘ಪೂರ್ತಿ ಕಾರಾ?’

‘ಹೌದು ಸರ್.’

‘ದುಡ್ಡು ಎಷ್ಟಿದೆ?’

ತಲೆಗೆ ಏಳು ಸಾವಿರದಂತೆ 28 ಸಾವಿರ ಇತ್ತು. ‘ಟೈರು, ಬ್ರೇಕಿಗೆ ಸರಿಹೋಗುತ್ತೆ. ಮಿಕ್ಕಿದ್ದು?’ ಅಂದರು. ಮಿಕ್ಕಿದ್ದರ ಬಗ್ಗೆ ನಾವು ಯೋಚನೆ ಮಾಡಿರಲಿಲ್ಲ.

ನಮ್ಮ ಐಡಿಯಾ ಪೂರ್ತಿ ಹುಚ್ಚಾಟ ಏನೂ ಆಗಿರಲಿಲ್ಲ. 1984ರಲ್ಲಿ ಬಂದ ಟೊಯೋಟಾ ಎಂಆರ್2 ಕಾರಿನಲ್ಲಿ ಮುಂದಿನ ಚಕ್ರ ಓಡಿಸುವ ಎಂಜಿನ್-ಗೇರ್‌ಬಾಕ್ಸ್ ಜೋಡಿಯನ್ನೇ ಡ್ರೈವರ್ ಬೆನ್ನ ಹಿಂದೆ ಕೂರಿಸಿದ್ದಾರೆ. 1992ರ ಆಟೋಜಾಮ್ ಎಜೆಡ್-1 ಇನ್ನೂ ಮಜವಾದದ್ದು. ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೆ ಏಳುತ್ತೆ, ಒಳಗಿರುವುದು ಮಾತ್ರ 657 ಸಿಸಿಯ ಸುಜುಕಿ ಟರ್ಬೋ ಎಂಜಿನ್. ನಮ್ಮ ಮಾರುತಿ 800ರದ್ದು 796 ಸಿಸಿ, ಅದೂ ಸುಜುಕಿ, ಅದೂ ಮೂರು ಸಿಲಿಂಡರ್. ಗುಜರಿಯಲ್ಲಿ ಒಂದು 800 ತಗೊಂಡು ಎಂಜಿನ್ ಹಿಂದಕ್ಕೆ ಹಾಕಿದರೆ ಆಯ್ತಲ್ವಾ?

ಆಗಲ್ಲ. ಮೊದಲನೆಯದು, ರಸ್ತೆಗೆ ಇಳಿಸುವಂತಿಲ್ಲ. ಕಂಪನಿ ಮಾಡಿಕೊಟ್ಟ ರೂಪವನ್ನು ಮೂಲದಿಂದಲೇ ಬದಲಾಯಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಎರಡನೆಯದು, ನಮ್ಮಲ್ಲಿ ಯಾರಿಗೂ ಚಾಸಿಸ್ ಬೆಸುಗೆ ಹಾಕುವ ಕೈ ಇಲ್ಲ. ಗೇಟು ಬೆಸೆಯೋದು ಬೇರೆ, ಅರವತ್ತರಲ್ಲಿ ಬ್ರೇಕ್ ಒತ್ತಿದಾಗ ಬಿಟ್ಟುಕೊಳ್ಳಬಾರದ ಕಡೆ ಬೆಸೆಯೋದು ಬೇರೆ.

ಮುಂದಿನ ಎರಡು ವಾರ ಪಟ್ಟಿ ಮಾಡೋದು, ಹೊಡೆದುಹಾಕೋದು, ಇಷ್ಟೇ. ಟರ್ಬೋ ಹಾಕೋಣ ಅಂದರೆ ಕಾರ್ಬ್ಯುರೇಟರ್ ಎಂಜಿನ್, ಪವರ್ ಅಳೆಯಲು ಡೈನೋ ಇಲ್ಲ. ಎಲೆಕ್ಟ್ರಿಕ್ ಮಾಡೋಣ ಅಂದರೆ ಬ್ಯಾಟರಿಗೇ ಬಜೆಟ್ ಮುಗಿಯುತ್ತೆ. ಹಿಂದಿನ ರೆಕ್ಕೆ, ಅಂದರೆ ರಿಯರ್ ವಿಂಗ್, ನನಗೆ ತುಂಬಾ ಇಷ್ಟವಾಗಿತ್ತು. ಲೆಕ್ಕ ಹಾಕಿದೆ. 0.3 ಚದರ ಮೀಟರ್ ರೆಕ್ಕೆ, ಲಿಫ್ಟ್ ಕೋಎಫಿಶಿಯೆಂಟ್ (ರೆಕ್ಕೆಯ ಆಕಾರ ಗಾಳಿಯಿಂದ ಎಷ್ಟು ಬಲ ಹುಟ್ಟಿಸುತ್ತೆ ಅನ್ನೋ ಅಂಕಿ) 1 ಅಂತ ಇಟ್ಟುಕೊಂಡರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕೆಳಕ್ಕೆ ಒತ್ತುವ ಬಲ ಸುಮಾರು 5 ಕೆಜಿಯಷ್ಟು. ಡಿಕ್ಕಿಯಲ್ಲಿ ಐದು ಕೆಜಿ ಅಕ್ಕಿ ಚೀಲ ಇಟ್ಟ ಹಾಗೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತೆ, 20 ಕೆಜಿ. ಅದನ್ನು ನೋಡೋಕೆ 120ರಲ್ಲಿ ಎಲ್ಲಿ ಓಡಿಸೋದು? ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೆಗೆದು ರಿಪೋರ್ಟ್ ದಪ್ಪ ಮಾಡಬಹುದಿತ್ತು. ಅದು ಬೇಡ ಅನ್ನಿಸಿತು.

ಕೊನೆಗೆ ಗೈಡ್ ಸರ್ ಒಂದು ಪ್ರಶ್ನೆ ಕೊಟ್ಟರು. ‘ಸ್ಪೋರ್ಟ್ಸ್ ಕಾರಿಗೂ ಮನೆ ಕಾರಿಗೂ ವ್ಯತ್ಯಾಸ ಏನು? ಹಾರ್ಸ್‌ಪವರ್ ಬಿಟ್ಟು ಹೇಳಿ. ಅಂಕಿಯಲ್ಲಿ ಹೇಳಿ.’

ಮೂರು ದಿನ ತಡಕಾಡಿ ಉತ್ತರ ಸಿಕ್ಕಿತು: ತೂಕ ಎಲ್ಲಿ ಕೂತಿದೆ ಅನ್ನೋದು. ಟೊಯೋಟಾ ಜಿಟಿ86ರ ಗುರುತ್ವ ಕೇಂದ್ರ ನೆಲದಿಂದ 460 ಮಿ.ಮೀ. ಅಂತ ಕಂಪನಿಯೇ ಹೇಳಿದೆ. ಮುಂದೆ-ಹಿಂದೆ ತೂಕ 53:47. ಅದರ ಎಂಜಿನ್ನಿನ ಸಿಲಿಂಡರುಗಳು ನಿಂತಿಲ್ಲ, ಮಲಗಿವೆ. ಆ ತಗ್ಗು ಅಲ್ಲಿಂದ ಬಂದದ್ದು. ಹಾಗಾದರೆ ನಮ್ಮ 800ರ ಅಂಕಿ ಎಷ್ಟು? ರೇಸ್ ತಂಡಗಳು ಕಾರಿನ ನಾಲ್ಕು ಚಕ್ರಗಳನ್ನೂ ನಾಲ್ಕು ತೂಕದ ಪ್ಯಾಡ್ ಮೇಲೆ ನಿಲ್ಲಿಸಿ ನೋಡುತ್ತವೆ. ಅದಕ್ಕೆ ಕಾರ್ನರ್ ವೇಟ್ ಅಂತಾರೆ. ಆ ಪ್ಯಾಡು ನಾವೇ ಮಾಡೋದು, 800 ತೂಗೋದು, ಗುರುತ್ವ ಕೇಂದ್ರ ಹುಡುಕೋದು, ಎಂಜಿನ್ ಹಿಂದಕ್ಕೆ ಹಾಕಿದರೆ ಏನಾಗುತ್ತೆ ಅಂತ ಲೆಕ್ಕ ಹೇಳೋದು. ಕಾರಿನ ಒಂದು ನಟ್ಟೂ ಬದಲಾಯಿಸಬೇಕಿಲ್ಲ.

ಕಾರು ನಮ್ಮ ಗುಂಪಿನ ಮಂಡ್ಯದ ಹುಡುಗನ ಸೋದರಮಾವನದು. ನಾಲ್ಕು ಗೇರಿನ ಹಳೇ 800. ಕೆರಗೋಡು ರಸ್ತೆ ಕಡೆ ಅವರ ಆಲೆಮನೆ, ಅದರ ಪಕ್ಕದ ಶೆಡ್ಡೇ ನಮ್ಮ ಲ್ಯಾಬ್. ವಿಷಯ ಕೇಳಿ ಮಾವ ನಕ್ಕರು. ‘ಅಲ್ಲ ಕಣ್ರಲಾ, ಕಾರ್ ತೂಕ ಹಾಕಕ್ಕೆ ಎಂಜಿನಿಯರಿಂಗ್ ಓದ್ಬೇಕಾ? ಕಬ್ಬಿನ ಗಾಡಿ ತೂಗೋ ತಾವ ನಿಲ್ಸುದ್ರೆ ಆಯ್ತದಲ್ವಾ?’

ಮಾತು ಸರಿಯಾಗೇ ಇತ್ತು. ಹೋದೆವು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಮ್ಮ ಪುಟ್ಟ ಕಾರು. ಪೂರ್ತಿ ಕಾರು 640. ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿದರೆ 400. ಆದರೆ ಆ ವೇ ಬ್ರಿಡ್ಜ್ ಹತ್ತು ಹತ್ತು ಕೆಜಿ ಲೆಕ್ಕದಲ್ಲೇ ತೋರಿಸೋದು. ಹತ್ತು ಟನ್ ಕಬ್ಬಿಗೆ ಅದು ಸಾಕು. ನಮಗೆ ಬೇಕಾದ ವ್ಯತ್ಯಾಸ ಅಷ್ಟರೊಳಗೇ ಮುಳುಗಿಹೋಗುತ್ತೆ. ಎಡ-ಬಲ ಬೇರೆ ಬೇರೆ ಗೊತ್ತಾಗಲ್ಲ. ಆದರೂ ಆ ಚೀಟಿ ಎತ್ತಿಟ್ಟುಕೊಂಡೆವು. ಮುಂದೆ ತುಂಬಾ ಕೆಲಸಕ್ಕೆ ಬಂತು.

ಮೊದಲ ಪ್ಯಾಡ್, ಅಂದರೆ 2,400 ರೂಪಾಯಿ ನೀರಿಗೆ

ಮನುಷ್ಯರು ತೂಕ ನೋಡಿಕೊಳ್ಳುವ ಡಿಜಿಟಲ್ ಮಷೀನಿನಲ್ಲಿ 50 ಕೆಜಿಯ ಪುಟ್ಟ ಲೋಡ್ ಸೆಲ್, ಅಂದರೆ ಭಾರವನ್ನು ವಿದ್ಯುತ್ ಸಿಗ್ನಲ್ ಮಾಡುವ ತುಂಡು, ಇರುತ್ತೆ. ತುಂಬಾ ಅಗ್ಗ. ಒಂದು ಪ್ಯಾಡಿಗೆ ನಾಲ್ಕು ಹಾಕಿದರೆ 200 ಕೆಜಿ. ಕಾರು 650 ಅಂದುಕೊಳ್ಳಿ, ನಾಲ್ಕು ಚಕ್ರಕ್ಕೆ ಹಂಚಿದರೆ ತಲಾ 162. ‘ಸಾಕು ಮಗಾ, ಜಾಸ್ತಿನೇ ಆಯ್ತು’ ಅಂತ ನಾನೇ ಹೇಳಿದ್ದು.

ಮುಂದಿನ ಎಡ ಚಕ್ರ ಪ್ಯಾಡ್ ಹತ್ತುತ್ತಿದ್ದ ಹಾಗೇ ‘ಟಕ್’ ಅಂತ ಸದ್ದಾಯಿತು. ಅಂಕಿ 190ರ ಹತ್ತಿರ ಹೋಗಿ ಅಲ್ಲೇ ನಿಂತಿತು. ಕಾರು ಇಳಿಸಿದ ಮೇಲೂ ಸೊನ್ನೆಗೆ ಬರಲಿಲ್ಲ, 23 ಅಂತ ತೋರಿಸುತ್ತಾ ಕೂತಿತು. ಬಿಚ್ಚಿ ನೋಡಿದರೆ ಎರಡು ಸೆಲ್‌ಗಳ ನಡುಭಾಗದ ನಾಲಿಗೆ ಬಗ್ಗಿ ಕೆಳಗಿನ ತಗಡಿಗೆ ಅಂಟಿಕೊಂಡಿತ್ತು. ವೇ ಬ್ರಿಡ್ಜ್ ಚೀಟಿ ಜೇಬಿನಲ್ಲೇ ಇತ್ತು. ಮುಂದೆ 400 ಅಂತ ಅದರಲ್ಲಿ ಬರೆದಿತ್ತು. ಅಂದರೆ ಮುಂದಿನ ಒಂದೊಂದು ಚಕ್ರಕ್ಕೂ 200. ಮುಂದೆ-ಹಿಂದೆ ತೂಕ ಒಂದೇ ಇರಲ್ಲ ಅನ್ನೋದೇ ಪ್ರಾಜೆಕ್ಟಿನ ವಿಷಯ, ಅದನ್ನೇ ಮರೆತು ನಾಲ್ಕರಿಂದ ಭಾಗಿಸಿದ್ದೆ. ಗೆಳೆಯರು ಇವತ್ತಿಗೂ ನನ್ನನ್ನು ‘162’ ಅಂತಲೇ ಕರೆಯೋದು.

ಎರಡನೇ ಪ್ಯಾಡ್

ಈ ಸಲ ಬುದ್ಧಿ ಉಪಯೋಗಿಸಿ, ತೂಕದ ಯಂತ್ರ ರಿಪೇರಿ ಮಾಡುವವರೊಬ್ಬರ ಹತ್ತಿರ ಹೋದೆವು. ಮಂಡ್ಯದ ಬೆಲ್ಲದ ಮಂಡಿಗಳ ತಕ್ಕಡಿಗಳನ್ನೆಲ್ಲ ನೋಡಿಕೊಳ್ಳುವವರು. ಅವರು ಕೈಗೆ ಕೊಟ್ಟಿದ್ದು ಅಲ್ಯೂಮಿನಿಯಂನ ದಪ್ಪ ದಿಮ್ಮಿಯಂಥ ಲೋಡ್ ಸೆಲ್, ಸಿಂಗಲ್ ಪಾಯಿಂಟ್, 300 ಕೆಜಿ. ನಡುವೆ ತೂತು ಕೊರೆದಿರುತ್ತೆ. ಭಾರ ಬಿದ್ದಾಗ ಆ ತೂತಿನ ಹತ್ತಿರ ದಿಮ್ಮಿ ಕೂದಲೆಳೆಯಷ್ಟು ಬಾಗುತ್ತೆ. ಅಲ್ಲಿ ಅಂಟಿಸಿದ ಸ್ಟ್ರೇನ್ ಗೇಜ್‌ಗಳ ರೆಸಿಸ್ಟೆನ್ಸ್ ಬದಲಾಗುತ್ತೆ. 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಹೊರಗೆ ಬರೋದು 10 ಮಿಲಿವೋಲ್ಟ್ ಅಷ್ಟೇ. ಅದನ್ನು ಎಚ್‌ಎಕ್ಸ್ 711 ಅನ್ನೋ ಪುಟ್ಟ ಬೋರ್ಡು 128 ಪಟ್ಟು ಹಿಗ್ಗಿಸಿ, ಅಂಕಿ ಮಾಡಿ ಆರ್ಡುಯಿನೋ ಅನ್ನೋ, ನಾವು ಕೋಡ್ ಬರೆದು ಹಾಕುವ ಇನ್ನೊಂದು ಬೋರ್ಡಿಗೆ ಕೊಡುತ್ತೆ. ಈ ದಿಮ್ಮಿಯ ಇನ್ನೊಂದು ಒಳ್ಳೆ ಗುಣ, ಭಾರ ಪ್ಯಾಡಿನ ಯಾವ ಮೂಲೆಗೆ ಬಿದ್ದರೂ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತೆ. ಕಾರನ್ನು ಪ್ರತಿ ಸಲ ಪ್ಯಾಡಿನ ನಟ್ಟ ನಡುವೆ ನಿಲ್ಲಿಸೋಕೆ ಆಗಲ್ಲವಲ್ಲ.

ಪ್ಲೇಟ್ ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿನ ಯಜಮಾನರು ಕೆಲಸ ಕಲಿತಿದ್ದು ಯಾದವಗಿರಿಯ ಜಾವಾ ಫ್ಯಾಕ್ಟರಿಯಲ್ಲಿ. 1961ರಿಂದ 1996ರವರೆಗೆ ಬೈಕ್ ಮಾಡಿದ ಜಾಗ ಅದು. ನಮ್ಮ ಡ್ರಾಯಿಂಗ್ ನೋಡಿ, ‘ಮೇಲಿನ ಪ್ಲೇಟ್ 6 ಎಂಎಂ ಸಾಕಾಗಲ್ಲಪ್ಪ, ಡೊಂಕಾಗುತ್ತೆ. ಅಡಿಗೆ ಎರಡು ಪಟ್ಟಿ ಹಾಕಿ’ ಅಂದರು. ಪಟ್ಟಿ ಹಾಕಿದೆವು. 380 ಮಿ.ಮೀ. ಚೌಕದ ಪ್ಯಾಡು, ಸೆಲ್ಲಿನ ಎರಡೂ ತುದಿಗೆ ಸ್ಪೇಸರ್. ಪ್ಲೇಟು ಸೆಲ್ ಬಿಟ್ಟು ಬೇರೆ ಎಲ್ಲೂ ತಾಗಬಾರದು, ಇಷ್ಟೇ ಗುಟ್ಟು.

ಕ್ಯಾಲಿಬ್ರೇಟ್ ಮಾಡೋಕೆ ಗೊತ್ತಿರುವ ತೂಕ ಬೇಕು. ಸಿಮೆಂಟ್ ಮೂಟೆ ಮೇಲೆ 50 ಕೆಜಿ ಅಂತ ಬರೆದಿದ್ದರೂ ನಂಬಬೇಡಿ. ನಾಲ್ಕು ಮೂಟೆ ಬೆಲ್ಲದ ಮಂಡಿಗೆ ಹೊತ್ತುಕೊಂಡು ಹೋಗಿ ಸೀಲ್ ಹಾಕಿದ ತಕ್ಕಡಿಯಲ್ಲಿ ತೂಗಿಸಿದೆವು. 49.8, 50.1, 50.0, 49.6. ಅದನ್ನು ಮೂಟೆ ಮೇಲೇ ಸೀಮೆಸುಣ್ಣದಲ್ಲಿ ಬರೆದೆವು. ಆಮೇಲೆ ಒಂದೇ ಮೂಟೆಯನ್ನು ಪ್ಯಾಡಿನ ನಾಲ್ಕೂ ಮೂಲೆಗೆ ಇಟ್ಟು ನೋಡೋದು. ಮೂರು ಪ್ಯಾಡ್ ಚೆನ್ನಾಗಿದ್ದವು. ನಾಲ್ಕನೆಯದರಲ್ಲಿ ಮಾತ್ರ ಒಂದು ಮೂಲೆಗೆ ಬಂದಾಗ ಒಂದೂವರೆ ಕೆಜಿ ಕಡಿಮೆ. ಕೋಡ್ ನೋಡಿದೆವು, ವೈರ್ ಬದಲಾಯಿಸಿದೆವು, ಎಚ್‌ಎಕ್ಸ್ 711 ಬದಲಾಯಿಸಿದೆವು. ಒಂದು ದಿನ ಪೂರ್ತಿ ಹೋಯಿತು. ಸಂಜೆ ಮಾವ ಬಂದು ಪ್ಯಾಡಿನ ಸಂದಿಗೆ ಕಡ್ಡಿ ಹಾಕಿ ಎಳೆದರು. ಎಳ್ಳಿನಕಾಳಿಗಿಂತ ಸ್ವಲ್ಪ ದೊಡ್ಡದು, ಬೆಸುಗೆ ಹಾಕುವಾಗ ಸಿಡಿದ ಕಬ್ಬಿಣದ ಗುಂಡು. ಆ ಮೂಲೆಗೆ ಭಾರ ಬಿದ್ದಾಗ ಮೇಲಿನ ಪ್ಲೇಟು ಈ ಗುಂಡಿನ ಮೇಲೆ ಕೂತು ಒಂದೂವರೆ ಕೆಜಿಯನ್ನು ನೇರ ನೆಲಕ್ಕೆ ದಾಟಿಸುತ್ತಿತ್ತು. ಅದನ್ನು ಸೆಲೋಟೇಪ್ ಹಾಕಿ ರೆಕಾರ್ಡ್ ಬುಕ್ಕಿಗೆ ಅಂಟಿಸಿದ್ದೇವೆ.

ತೂಗಿದ ದಿನ

ನಾಲ್ಕು ಪ್ಯಾಡೂ ಒಂದೇ ಮಟ್ಟದಲ್ಲಿರಬೇಕು. ಶೆಡ್ಡಿನ ನೆಲ ನೋಡೋಕೆ ಸಮ ಇತ್ತು. ಗಾರೆ ಕೆಲಸದವರ ನೀರಿನ ಟ್ಯೂಬ್ ಹಿಡಿದು ನೋಡಿದರೆ ಹಿಂದಿನ ಎಡ ಮೂಲೆ 11 ಮಿ.ಮೀ. ತಗ್ಗು. ಹಳೇ ಟೈಲ್ಸು, ತಗಡಿನ ಚೂರು ಕೊಟ್ಟು ಎತ್ತರಿಸಿದೆವು. ನಾಲ್ಕು ಟೈರಿಗೂ ಗಾಳಿ ನೋಡಿ, ಸ್ಟೆಪ್ನಿ ಇಳಿಸಿ, ಕಾರನ್ನು ತಳ್ಳಿಕೊಂಡು ಹತ್ತಿಸಿ, ಬಾನೆಟ್ ಮತ್ತು ಡಿಕ್ಕಿ ಒತ್ತಿ ನಾಲ್ಕು ಸಲ ಕುಣಿಸಿದೆವು. ಕುಣಿಸದಿದ್ದರೆ ಸ್ಪ್ರಿಂಗು ಬಿಗಿದುಕೊಂಡೇ ಇರುತ್ತೆ, ಅಂಕಿ ಸುಳ್ಳು ಹೇಳುತ್ತೆ.

ಮುಂದೆ ಎಡ 206, ಬಲ 199. ಹಿಂದೆ ಎಡ 118, ಬಲ 121. ಒಟ್ಟು 644 ಕೆಜಿ. ಮುಂದೆ 405, ಅಂದರೆ ನೂರಕ್ಕೆ 63. ವೇ ಬ್ರಿಡ್ಜ್ ಚೀಟಿಗೆ ಹೊಂದಿತು. ಆ ಗಳಿಗೆಯಲ್ಲಿ ನಾಲ್ವರೂ ಕುಣಿದೆವು, ಕಾರಿಗಿಂತ ಜಾಸ್ತಿ.

ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) 2175 ಮಿ.ಮೀ. ಆದ್ದರಿಂದ ಗುರುತ್ವ ಕೇಂದ್ರ ಮುಂದಿನ ಆಕ್ಸಲ್‌ನಿಂದ 807 ಮಿ.ಮೀ. ಹಿಂದೆ. 68 ಕೆಜಿಯ ಗೆಳೆಯ ಡ್ರೈವರ್ ಸೀಟಿನಲ್ಲಿ ಕೂತರೆ ಬಲಗಡೆ ನೂರಕ್ಕೆ 52 ಆಯಿತು. ಸುಮ್ನೆ ಕುತೂಹಲಕ್ಕೆ ಮುಂದಿನ ಎಡ ಪ್ಯಾಡಿನ ಅಡಿಗೆ 10 ಮಿ.ಮೀ.ನ ಒಂದು ಟೈಲ್ಸ್ ಜಾಸ್ತಿ ಇಟ್ಟೆವು. ಮುಂದಿನ ಎಡ 5 ಕೆಜಿ ಏರಿತು. ಅದರ ಜೊತೆ ಹಿಂದಿನ ಬಲವೂ 5 ಏರಿತು! ಉಳಿದ ಎರಡು ಅಷ್ಟಷ್ಟೇ ಇಳಿದವು. ಒಟ್ಟು ಬದಲಾಗಲೇ ಇಲ್ಲ. ಕುಂಟು ಸ್ಟೂಲಿನ ಒಂದು ಕಾಲಿಗೆ ಕಾಗದ ಮಡಿಸಿ ಇಟ್ಟರೆ ಆಗೋದು ಇದೇ ಅಲ್ವಾ? ರೇಸ್ ಕಾರಿನವರು ಸ್ಪ್ರಿಂಗ್ ಕೂರುವ ತಟ್ಟೆ ತಿರುಗಿಸಿ ಮಾಡೋದೂ ಇದನ್ನೇ. ಪುಸ್ತಕದಲ್ಲಿ ಎರಡು ಪುಟ ಓದಿ ಅರ್ಥವಾಗದ್ದು ಒಂದು ಟೈಲ್ಸಿನಲ್ಲಿ ಅರ್ಥವಾಯಿತು.

ಎತ್ತರ ಹುಡುಕುವಾಗ ಮೋಸ ಹೋದದ್ದು

ಗುರುತ್ವ ಕೇಂದ್ರದ ಎತ್ತರ ನೋಡೋಕೆ ಹಿಂದಿನ ಚಕ್ರಗಳನ್ನು ಎತ್ತಬೇಕು. ಎತ್ತಿದಷ್ಟೂ ಭಾರ ಮುಂದಕ್ಕೆ ವಾಲುತ್ತೆ. ಎಷ್ಟು ವಾಲಿತು ಅನ್ನೋದರಿಂದ ಎತ್ತರ ಸಿಗುತ್ತೆ. ಸಸ್ಪೆನ್ಷನ್ ಅಲ್ಲಾಡಬಾರದು ಅಂತ ಸ್ಪ್ರಿಂಗ್ ಜಾಗದಲ್ಲಿ ಮರದ ತುಂಡು ಬಡಿದು ಬಿಗಿ ಮಾಡಿದೆವು. ಗಟ್ಟಿ ಮರದ ದಿಮ್ಮಿ ಪೇರಿಸಿ ಹಿಂದಿನ ಚಕ್ರಗಳನ್ನು 450 ಮಿ.ಮೀ. ಎತ್ತಿದೆವು. ಕಾರು ಜಾರಬಾರದು ಅಂತ ಹ್ಯಾಂಡ್ ಬ್ರೇಕ್ ಹಾಕಿ ಗೇರಿನಲ್ಲೂ ಇಟ್ಟೆವು. ಜಾಗ್ರತೆ ಮಾಡಿದೆವು ಅಂತ ಖುಷಿ ಬೇರೆ.

ಮುಂದಿನ ಪ್ಯಾಡುಗಳಲ್ಲಿ 12 ಕೆಜಿ ಏರಿತು. ಆ 12ನ್ನು ವೀಲ್‌ಬೇಸ್‌ನಿಂದ ಗುಣಿಸಿ, ಒಟ್ಟು ತೂಕ ಮತ್ತು ವಾಲಿದ ಕೋನದ ಟ್ಯಾನ್‌ನಿಂದ ಭಾಗಿಸಿ, ಚಕ್ರದ ನಡುವಿನ ಎತ್ತರ 245 ಕೂಡಿಸಬೇಕು. ಬಂದದ್ದು 437 ಮಿ.ಮೀ. ಜಿಟಿ86ಕ್ಕಿಂತ ತಗ್ಗು! ಮಾವನ 800 ಸ್ಪೋರ್ಟ್ಸ್ ಕಾರನ್ನೇ ಸೋಲಿಸಿಬಿಟ್ಟಿತು ಅಂತ ಗುಂಪಿಗೆ ಮೆಸೇಜ್ ಹಾಕಿ, ಅವತ್ತು ರಾತ್ರಿ ಮದ್ದೂರಿನವರೆಗೂ ಹೋಗಿ ವಡೆ ತಿಂದು ಬಂದೆವು.

ಗೈಡ್ ಸರ್ ಅಂಕಿ ನೋಡಿ ನಗಲೂ ಇಲ್ಲ, ಬೈಯಲೂ ಇಲ್ಲ. ‘ಹಿಂದೆ ಎತ್ತಿದಾಗ ಮೇಲಿಂದ ನೋಡಿದರೆ ವೀಲ್‌ಬೇಸ್ ಎಷ್ಟಾಗುತ್ತೆ?’ ಅಂದರು. ಲೆಕ್ಕ ಹಾಕಿದೆ. ಕಾರು ವಾಲಿದಾಗ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಡ್ಡ ದೂರ 47 ಮಿ.ಮೀ. ಕಡಿಮೆಯಾಗುತ್ತೆ. ಚಕ್ರಗಳು ಅಷ್ಟು ಹತ್ತಿರ ಬರಬೇಕು. ನಾವು ಬ್ರೇಕ್ ಹಾಕಿ ಬರದ ಹಾಗೆ ಹಿಡಿದಿದ್ದೆವು. ಟೈರುಗಳು ಬಿಗಿದುಕೊಂಡು ದಿಮ್ಮಿಯನ್ನು ಮುಂದಕ್ಕೆ, ಪ್ಯಾಡನ್ನು ಹಿಂದಕ್ಕೆ ಎಳೆಯುತ್ತಿದ್ದವು. ಆ ಎಳೆತ ಮೂತಿಯನ್ನು ಮೇಲೆತ್ತಿ ಮುಂದಿನ ತೂಕ ಕದಿಯುತ್ತಿತ್ತು.

ಮತ್ತೆ ಶೆಡ್ಡಿಗೆ. ಈ ಸಲ ದಿಮ್ಮಿಗಳ ಮೇಲೆ ಎರಡೆರಡು ತಗಡು, ನಡುವೆ ಗ್ರೀಸ್. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಕೆಳಗೆ. ಕಾರು ಜಾರದ ಹಾಗೆ ತಾಗದಂತೆ ಸ್ವಲ್ಪ ದೂರದಲ್ಲಿ ಅಡ್ಡ ಮರ, ಹಗ್ಗ. ಜಾಕ್ ಏರಿಸಿದ ಹಾಗೆ ಮೇಲಿನ ತಗಡು ಸದ್ದಿಲ್ಲದೆ ಮುಂದಕ್ಕೆ ಜಾರುವುದು ಕಣ್ಣಿಗೆ ಕಾಣುತ್ತಿತ್ತು. ಅಂಕಿ 17ಕ್ಕೆ ನಿಂತಿತು. ಐದು ಸಲ ಮಾಡಿದೆವು. 16, 17, 17, 18, 17.

ಎತ್ತರ 516 ಮಿ.ಮೀ. ಒಂದು ಕೆಜಿ ಆಚೀಚೆ ಆದರೆ ಉತ್ತರ 16 ಮಿ.ಮೀ. ಆಚೀಚೆ ಹೋಗುತ್ತೆ ಅಂತಲೂ ರಿಪೋರ್ಟಿನಲ್ಲಿ ಬರೆದೆವು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಅರ್ಧ ಗಂಟೆ ಮಾತಾಡಿದ್ದು ಆ ಒಂದು ಸಾಲಿನ ಬಗ್ಗೆಯೇ. 437 ಬಂದ ಕಥೆಯನ್ನೂ ಬಿಡದೆ ಬರೆದಿದ್ದೆವು. ಅದನ್ನು ಎರಡು ಸಲ ಹೇಳಿಸಿಕೊಂಡರು.

ಕಾಗದದ ಮೇಲಿನ ಸ್ಪೋರ್ಟ್ಸ್ ಕಾರ್

ಚಕ್ರಗಳ ನಡುವಿನ ಅಗಲವನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಕಾರು ಮಗುಚಲು ಎಷ್ಟು ಹಿಂಜರಿಯುತ್ತೆ ಅಂತ ಗೊತ್ತಾಗುತ್ತೆ. 800ಕ್ಕೆ ಅಗಲ ಸರಾಸರಿ 1207, ಬಂದದ್ದು 1.17. ಜಿಟಿ86ಕ್ಕೆ 1530, ಬಂದದ್ದು 1.66. ಎತ್ತರದಲ್ಲಿ 56 ಮಿ.ಮೀ. ವ್ಯತ್ಯಾಸ ನೋಡಿ ಇಷ್ಟೇನಾ ಅಂದುಕೊಂಡಿದ್ದೆವು. ಜಾಸ್ತಿ ಕೆಲಸ ಮಾಡಿರೋದು ಅಗಲ.

ಈಗ ಎಂಜಿನ್ ಹಿಂದಕ್ಕೆ ಹಾಕುವ ಆಸೆ. ಗ್ಯಾರೇಜಿನಲ್ಲಿ ಇಳಿಸಿಟ್ಟಿದ್ದ 800ರ ಎಂಜಿನ್-ಗೇರ್‌ಬಾಕ್ಸ್ ಜೋಡಿಯನ್ನು ನಮ್ಮ ಪ್ಯಾಡ್ ಮೇಲೇ ತೂಗಿದೆವು, 92 ಕೆಜಿ. ಅದರ ಭಾರ ಮುಂದಿನ ಆಕ್ಸಲ್‌ಗಿಂತ 100 ಮಿ.ಮೀ. ಮುಂದೆ ಇದೆ ಅಂತ ಇಟ್ಟುಕೊಂಡು, ಹಿಂದಿನ ಆಕ್ಸಲ್‌ಗಿಂತ 300 ಮಿ.ಮೀ. ಮುಂದಕ್ಕೆ ಒಯ್ದರೆ 84 ಕೆಜಿ ಮುಂದಿನಿಂದ ಹಿಂದಕ್ಕೆ ಹೋಗುತ್ತೆ. ಮುಂದೆ 321, ಹಿಂದೆ 323. ಕ್ಯಾಲ್ಕುಲೇಟರ್ ಕೆಟ್ಟಿದೆಯಾ ಅಂತ ಮೂರು ಸಲ ಒತ್ತಿ ನೋಡಿದೆವು. ಅರ್ಧಕ್ಕರ್ಧ. ರೇಡಿಯೇಟರ್ ಪೈಪು, ಪೆಟ್ರೋಲ್ ಟ್ಯಾಂಕು, ಹಿಂದೆ ಬೇಕಾಗುವ ಗಟ್ಟಿ ಫ್ರೇಮು ಸೇರಿಸಿದರೆ ಇದು ಬದಲಾಗುತ್ತೆ, ಗೊತ್ತು. ಆದರೂ ಆ ಪುಟವನ್ನು ಮಾತ್ರ ಕಲರ್ ಪ್ರಿಂಟ್ ತೆಗೆಸಿದೆವು. ಅಷ್ಟು ಸಲಿಗೆ ನಮಗೂ ಬೇಡವಾ?

ಖರ್ಚು ಒಟ್ಟು 19,300. ಅದರಲ್ಲಿ ಲೋಡ್ ಸೆಲ್ಲೇ 7,600, ಪ್ಲೇಟು ಬೆಸುಗೆ 5,200, ನಾನು ನೀರಿಗೆ ಹಾಕಿದ್ದು 2,400. ಮಿಕ್ಕಿದ್ದು ಎಲೆಕ್ಟ್ರಾನಿಕ್ಸು, ಬಸ್ ಚಾರ್ಜು, ವಡೆ. ಸಿಮೆಂಟ್ ಮೂಟೆಗಳಿಗೆ ಮಾವ ದುಡ್ಡು ಕೊಟ್ಟು ಇಟ್ಟುಕೊಂಡರು, ದನದ ಕೊಟ್ಟಿಗೆಗೆ ನೆಲ ಹಾಕಿಸಿದರು.

ಎರಡು ಪ್ಯಾಡು ಈಗ ಕಾಲೇಜ್ ಲ್ಯಾಬಿನಲ್ಲಿವೆ. ಇನ್ನೆರಡನ್ನು ಮಾವ ಕೇಳಿದರು. ಅವುಗಳ ಮೇಲೆ ಹಲಗೆ ಹಾಕಿ ಕುರಿ ತೂಗುತ್ತಿದ್ದಾರೆ. ಕಾರಿನ ಹಾಗೆ ಕುರಿ ಸುಮ್ನೆ ನಿಲ್ಲಲ್ಲ, ಅಂಕಿ ಕುಣಿಯುತ್ತೆ ಅಂತ ಫೋನ್ ಮಾಡಿದ್ದರು. ಹೋದ ಭಾನುವಾರ ಹೋಗಿ, 10 ರೀಡಿಂಗ್ ಸರಾಸರಿ ತೆಗೆಯುತ್ತಿದ್ದ ಕೋಡನ್ನು 40ಕ್ಕೆ ಬದಲಾಯಿಸಿ ಬಂದೆ.